ಮದುವೆಯ ಹಕ್ಕು: ತೀರ್ಮಾನ ಮಾಡಬೇಕಾದವರು ಯಾರು?

ಪ್ರಶ್ನೆ: ಮೇಡಂ, ಮನೆಯಲ್ಲಿ ಮೊನ್ನೆ ಸಲಿಂಗ ಮದುವೆ ಬಗ್ಗೆ ಮಾತು ಬಂತು. ನಮ್ಮ ದೊಡ್ಡಪ್ಪ ಹೇಳಿದ್ದು ಇಷ್ಟು: "ಅವರವರ ಬದುಕು ಅವರವರದು, ನನ್ನದೇನೂ ತಕರಾರಿಲ್ಲ. ಆದರೆ ಮದುವೆಯಂಥ ದೊಡ್ಡ ವಿಷಯವನ್ನು ನಾಲ್ಕೈದು ಜನ ನ್ಯಾಯಾಧೀಶರು ಕೂತು ತೀರ್ಮಾನಿಸಬಾರದು. ಪ್ರಜಾಪ್ರಭುತ್ವ ಅಂದಮೇಲೆ ಜನ ಹೇಳಲಿ, ಇಲ್ಲವೇ ಸಂಸತ್ತು ಹೇಳಲಿ." ಅವರ ಮಾತಿನಲ್ಲಿ ಏನೋ ತಪ್ಪಿದೆ ಅನ್ನಿಸಿತು. ಏನು ಅಂತ ಹೇಳೋಕೆ ಆಗಲಿಲ್ಲ. ಬೇರೆ ದೇಶಗಳಲ್ಲಿ ಇದನ್ನು ಯಾರು ತೀರ್ಮಾನಿಸಿದರು? ಯಾರು ತೀರ್ಮಾನಿಸುವುದು ಸರಿ?

ಉತ್ತರ: ನಿಮ್ಮ ದೊಡ್ಡಪ್ಪನ ಮಾತನ್ನು ಸುಮ್ನೆ ತಳ್ಳಿಹಾಕಬೇಡಿ. ಅದು ಯೋಚನೆ ಮಾಡಿ ಆಡಿದ ಮಾತು. ಅಮೆರಿಕದ ಸುಪ್ರೀಂ ಕೋರ್ಟ್ 2015ರ ಜೂನ್ 26ರಂದು ಇಡೀ ದೇಶದಲ್ಲಿ ಸಲಿಂಗ ಮದುವೆಗೆ ಮಾನ್ಯತೆ ಕೊಟ್ಟಿತು. ಒಬರ್ಗೆಫೆಲ್ ಪ್ರಕರಣ ಅಂತ ಅದಕ್ಕೆ ಹೆಸರು. ಒಂಬತ್ತು ನ್ಯಾಯಮೂರ್ತಿಗಳಲ್ಲಿ ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಆ ನಾಲ್ವರಲ್ಲಿ ಮುಖ್ಯ ನ್ಯಾಯಮೂರ್ತಿ ಜಾನ್ ರಾಬರ್ಟ್ಸ್ ಕೂಡ ಇದ್ದರು. ಅವರ ಭಿನ್ನ ತೀರ್ಪಿನ ಸಾರ ಹೆಚ್ಚುಕಮ್ಮಿ ನಿಮ್ಮ ದೊಡ್ಡಪ್ಪನ ಮಾತೇ. ಸಲಿಂಗ ಮದುವೆ ಒಳ್ಳೆಯದೋ ಅಲ್ಲವೋ ಅನ್ನುವುದು ನಮ್ಮ ಮುಂದಿರುವ ಪ್ರಶ್ನೆಯೇ ಅಲ್ಲ, ಅದನ್ನು ಜನ ತಮ್ಮ ಪ್ರತಿನಿಧಿಗಳ ಮೂಲಕ ನಿರ್ಧರಿಸಲಿ ಅಂದರು ಅವರು.

ನಾನು ಸಂವಿಧಾನದ ಪಾಠ ಮಾಡುವವಳು. ಪ್ರತಿ ವರ್ಷ ತರಗತಿಯಲ್ಲಿ ಯಾರಾದರೊಬ್ಬರು ಈ ವಾದ ಎತ್ತುತ್ತಾರೆ. ಪ್ರತಿ ಸಲವೂ ನಾನು ಮೊದಲು ಒಂದು ಕೆಲಸ ಮಾಡುತ್ತೇನೆ. ಯಾರು ತೀರ್ಮಾನಿಸಬೇಕು ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಟ್ಟು, ತೀರ್ಮಾನ ಆಗಬೇಕಾದದ್ದು ಏನು ಅಂತ ಕೇಳುತ್ತೇನೆ. ಯಾಕೆಂದರೆ "ಮದುವೆ" ಅಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಸಮಾರಂಭ. ಈ ರಾಜಕೀಯ ಜಗಳ ನಡೆಯುತ್ತಿರುವುದು ಸರ್ಕಾರದ ಒಂದು ರಿಜಿಸ್ಟರ್ ಪುಸ್ತಕದ ಬಗ್ಗೆ. ಆ ಪುಸ್ತಕದಲ್ಲಿ ಹೆಸರು ಇದ್ದರೆ ಕಾನೂನು ನಿಮ್ಮನ್ನು ಒಂದು ಕುಟುಂಬ ಅನ್ನುತ್ತದೆ. ಇಲ್ಲದಿದ್ದರೆ ನಲವತ್ತು ವರ್ಷ ಒಂದೇ ಸೂರಿನಡಿ ಬದುಕಿದರೂ ನೀವು ಒಬ್ಬರಿಗೊಬ್ಬರು ಏನೂ ಅಲ್ಲ.

ಈಡಿ ವಿಂಡ್ಸರ್ ಅವರ ಕಥೆ ಕೇಳಿ. ಅವರೂ ಥಿಯಾ ಸ್ಪೈಯರ್ ಅವರೂ ನ್ಯೂಯಾರ್ಕಿನಲ್ಲಿ ನಲವತ್ತಕ್ಕೂ ಹೆಚ್ಚು ವರ್ಷ ಜೊತೆಗೆ ಬದುಕಿದವರು. ಥಿಯಾಗೆ ಮಲ್ಟಿಪಲ್ ಸ್ಕ್ಲೆರೋಸಿಸ್ ಇತ್ತು. ಈಡಿ ವರ್ಷಗಟ್ಟಲೆ ಅವರ ಸೇವೆ ಮಾಡಿದರು. 2007ರಲ್ಲಿ ಇಬ್ಬರೂ ಕೆನಡಾಕ್ಕೆ ಹೋಗಿ ಟೊರಾಂಟೊದಲ್ಲಿ ಮದುವೆಯಾದರು. 2009ರಲ್ಲಿ ಥಿಯಾ ತೀರಿಕೊಂಡರು. ಆಸ್ತಿ ಈಡಿಗೆ ಬಂತು, ಜೊತೆಗೆ ತೆರಿಗೆಯ ನೋಟೀಸೂ ಬಂತು. ಮೊತ್ತ 3,63,053 ಡಾಲರ್. ಗಂಡ ಸತ್ತು ಹೆಂಡತಿಗೆ ಆಸ್ತಿ ಬಂದಿದ್ದರೆ ಆ ತೆರಿಗೆ ಇರುತ್ತಲೇ ಇರಲಿಲ್ಲ. 1996ರಲ್ಲಿ ಅಮೆರಿಕದ ಸಂಸತ್ತು ಒಂದು ಕಾಯ್ದೆ ಮಾಡಿ, ಕೇಂದ್ರ ಸರ್ಕಾರದ ಲೆಕ್ಕಕ್ಕೆ ಮದುವೆ ಅಂದರೆ ಒಂದು ಗಂಡು ಒಂದು ಹೆಣ್ಣು ಮಾತ್ರ ಅಂದಿತ್ತು. ಹಾಗಾಗಿ ತೆರಿಗೆ ಇಲಾಖೆಯ ಕಣ್ಣಿಗೆ ಈಡಿ ಒಬ್ಬ ಹೊರಗಿನವರು. ಎಂಬತ್ತು ದಾಟಿದ ಆಕೆ ಕೇಸು ನಡೆಸಿ 2013ರಲ್ಲಿ ಗೆದ್ದರು.

2015ರ ಕೇಸಿಗೆ ಹೆಸರು ಕೊಟ್ಟ ಜಿಮ್ ಒಬರ್ಗೆಫೆಲ್ ಕೇಳಿದ್ದು ಇನ್ನೂ ಚಿಕ್ಕದನ್ನು. ಅವರ ಸಂಗಾತಿ ಜಾನ್ ಆರ್ಥರ್ ಎ.ಎಲ್.ಎಸ್. ಎಂಬ ನರರೋಗದಿಂದ ಹಾಸಿಗೆ ಹಿಡಿದಿದ್ದರು. ಅವರಿದ್ದ ಒಹಾಯೊ ರಾಜ್ಯ ಸಲಿಂಗ ಮದುವೆಯನ್ನು ಒಪ್ಪುತ್ತಿರಲಿಲ್ಲ. 2013ರ ಜುಲೈನಲ್ಲಿ ವೈದ್ಯಕೀಯ ವಿಮಾನದಲ್ಲಿ ಮೇರಿಲ್ಯಾಂಡಿಗೆ ಹೋಗಿ, ರನ್‌ವೇ ಪಕ್ಕ ನಿಂತ ಆ ವಿಮಾನದೊಳಗೇ ಮದುವೆಯಾಗಿ ವಾಪಸ್ ಬಂದರು. ಅಕ್ಟೋಬರಿನಲ್ಲಿ ಜಾನ್ ಹೋಗಿಬಿಟ್ಟರು. ಮರಣ ಪ್ರಮಾಣಪತ್ರದಲ್ಲಿ "ಅವಿವಾಹಿತ" ಅಂತ ಬರೆಯಬೇಡಿ, ಸಂಗಾತಿಯ ಹೆಸರಿನ ಜಾಗದಲ್ಲಿ ನನ್ನ ಹೆಸರು ಬರೆಯಿರಿ ಅನ್ನುವುದಷ್ಟೇ ಜಿಮ್ ಅವರ ಬೇಡಿಕೆ. ಇಡೀ ದೇಶದ ಕಾನೂನು ಬದಲಾದದ್ದು ಆ ಒಂದು ಸಾಲಿಗಾಗಿ.

ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಈಗ ದೊಡ್ಡಪ್ಪನ ಪ್ರಶ್ನೆಗೆ ಬರೋಣ.

ಸಂಸತ್ತು ತಾನಾಗಿಯೇ ಮಾಡಿದ ದೇಶಗಳಿವೆ. ಮೊದಲನೆಯದು ನೆದರ್‌ಲ್ಯಾಂಡ್ಸ್. 2000ದಲ್ಲಿ ಅಲ್ಲಿನ ಕೆಳಮನೆ 109–33 ಮತಗಳಿಂದ ಮಸೂದೆ ಒಪ್ಪಿತು. 2001ರ ಏಪ್ರಿಲ್ 1ರ ಮಧ್ಯರಾತ್ರಿ ಕಳೆದ ಕೂಡಲೇ ಆಮ್‌ಸ್ಟರ್‌ಡ್ಯಾಮಿನ ಮೇಯರ್ ಯೋಬ್ ಕೋಹೆನ್ ನಾಲ್ಕು ಜೋಡಿಗಳ ಮದುವೆ ಮಾಡಿಸಿದರು. ಜಗತ್ತಿನಲ್ಲಿ ಈ ಬಗೆಯ ಮೊದಲ ಕಾನೂನುಬದ್ಧ ಮದುವೆಗಳು ಅವು. ಕೋರ್ಟು ಅಲ್ಲಿ ಆದೇಶ ಮಾಡಿರಲಿಲ್ಲ. ನಿಮ್ಮ ದೊಡ್ಡಪ್ಪ ಹೇಳುವ ದಾರಿ ಇದೇ. ಈ ದಾರಿ ಸಿಕ್ಕರೆ ಅದಕ್ಕಿಂತ ಒಳ್ಳೆಯದಿಲ್ಲ, ಒಪ್ಪುತ್ತೇನೆ.

ಆದರೆ ಸ್ಪೇನಿನಲ್ಲಿ ಏನಾಯಿತು ನೋಡಿ. 2005ರಲ್ಲಿ ಅಲ್ಲಿನ ಸಂಸತ್ತು 187–147 ಮತಗಳಿಂದ ಕಾನೂನು ಮಾಡಿತು. ಚುನಾಯಿತ ಸದಸ್ಯರು, ಬಹಿರಂಗ ಚರ್ಚೆ, ಬಹುಮತ. ಎಲ್ಲವೂ ಇತ್ತು. ಸೋತ ಪಾಪ್ಯುಲರ್ ಪಾರ್ಟಿ ಆಮೇಲೆ ಏನು ಮಾಡಿತು? ಸಂವಿಧಾನ ನ್ಯಾಯಾಲಯಕ್ಕೆ ಹೋಯಿತು. ಸಂಸತ್ತಿನ ತೀರ್ಮಾನವನ್ನು ನ್ಯಾಯಾಧೀಶರು ರದ್ದು ಮಾಡಲಿ ಅಂತ ಕೇಳಿತು. ಏಳು ವರ್ಷ ಕೇಸು ನಡೆಯಿತು. 2012ರಲ್ಲಿ ನ್ಯಾಯಾಲಯ 8–3ರಲ್ಲಿ ಕಾನೂನನ್ನು ಎತ್ತಿಹಿಡಿಯಿತು.

ಈ ಜಗಳದಲ್ಲಿ "ಯಾರು ತೀರ್ಮಾನಿಸಬೇಕು" ಅನ್ನುವ ತತ್ವ ಬಹಳ ಸಲ ಸೋತವರ ಕಡೆಗೇ ವಾಲುತ್ತದೆ. ಸಂಸತ್ತಿನಲ್ಲಿ ಸೋತವರಿಗೆ ಕೋರ್ಟು ಬೇಕು. ಕೋರ್ಟಿನಲ್ಲಿ ಸೋತವರಿಗೆ ಜನಮತ ಬೇಕು. ಎರಡೂ ಪಕ್ಷದವರು ಇದನ್ನು ಮಾಡಿದ್ದಾರೆ. ದೊಡ್ಡಪ್ಪ ಹಾಗೆ ಮಾಡುತ್ತಿದ್ದಾರೆ ಅಂತ ನಾನು ಹೇಳುತ್ತಿಲ್ಲ. ಆದರೆ ರಾಜಕೀಯದಲ್ಲಿ ಈ ವಾದವನ್ನು ಹೇಗೆ ಬಳಸುತ್ತಾರೆ ಅಂತ ಅವರಿಗೆ ಗೊತ್ತಿರಬೇಕು, ಅಲ್ವಾ?

ಇದು ತೀರಾ ಸ್ಪಷ್ಟವಾಗಿ ಕಾಣುವುದು ಕ್ಯಾಲಿಫೋರ್ನಿಯಾದಲ್ಲಿ. ನನಗೆ ಅತಿ ಹೆಚ್ಚು ನೋವು ಕೊಡುವ ಉದಾಹರಣೆಯೂ ಅದೇ. 2000ದಲ್ಲಿ ಅಲ್ಲಿನ ಮತದಾರರು ಗಂಡು–ಹೆಣ್ಣಿನ ಮದುವೆ ಮಾತ್ರ ಮಾನ್ಯ ಅನ್ನುವ ಕಾನೂನಿಗೆ ಮತ ಹಾಕಿದರು. 2005ರಲ್ಲಿ ರಾಜ್ಯದ ಶಾಸನಸಭೆ ಸಲಿಂಗ ಮದುವೆಗೆ ಅವಕಾಶ ಕೊಡುವ ಮಸೂದೆ ಪಾಸು ಮಾಡಿತು. ಅಲ್ಲಿ ಜನರೇ ಆರಿಸಿದ ರಾಜ್ಯಪಾಲ ಅರ್ನಾಲ್ಡ್ ಶ್ವಾರ್ಜ್‌ನೆಗರ್ ಅದಕ್ಕೆ ಸಹಿ ಹಾಕಲಿಲ್ಲ. ಇದನ್ನು ಜನ ಅಥವಾ ಕೋರ್ಟು ತೀರ್ಮಾನಿಸಲಿ ಅಂದರು. 2007ರಲ್ಲಿ ಶಾಸನಸಭೆ ಮತ್ತೊಮ್ಮೆ ಪಾಸು ಮಾಡಿತು. ಮತ್ತೊಮ್ಮೆ ವಾಪಸ್ ಬಂತು. ಸರಿ, 2008ರ ಮೇ ತಿಂಗಳಲ್ಲಿ ರಾಜ್ಯದ ಸುಪ್ರೀಂ ಕೋರ್ಟ್ ತೀರ್ಮಾನಿಸಿತು. ಮದುವೆಯ ಹಕ್ಕಿದೆ ಅಂದಿತು. ಜೂನ್ ತಿಂಗಳಿಂದ ಮದುವೆಗಳು ಶುರುವಾದವು. ಅದೇ ನವೆಂಬರಿನಲ್ಲಿ ವಿರೋಧಿಗಳು "ಪ್ರೊಪೊಸಿಷನ್ 8" ಎಂಬ ತಿದ್ದುಪಡಿಯನ್ನು ಜನರ ಮತಕ್ಕೆ ತಂದರು. ಶೇ. 52ರಷ್ಟು ಮತದಿಂದ ಅದು ಗೆದ್ದಿತು. ಆ ನಾಲ್ಕೈದು ತಿಂಗಳಲ್ಲಿ ಸುಮಾರು 18,000 ಜೋಡಿಗಳು ಮದುವೆಯಾಗಿದ್ದವು. ಅವರ ಮದುವೆ ಉಳಿಯಿತು. ಡಿಸೆಂಬರಿನಲ್ಲಿ ಆಗೋಣ ಅಂತ ಕಾದಿದ್ದವರಿಗೆ ಬಾಗಿಲು ಮುಚ್ಚಿತು. ಮತ್ತೆ ಕೋರ್ಟು, ಮತ್ತೆ ಅಪೀಲು. 2013ರಲ್ಲಿ ಬಾಗಿಲು ತೆರೆಯಿತು. ಆದರೆ ಬಳಕೆಯಲ್ಲಿಲ್ಲದ ಆ ಸಾಲು ರಾಜ್ಯದ ಸಂವಿಧಾನದಲ್ಲಿ ಹಾಗೇ ಉಳಿದಿತ್ತು. ಅದನ್ನು ತೆಗೆದದ್ದು 2024ರ ನವೆಂಬರಿನಲ್ಲಿ, ಇನ್ನೊಂದು ಜನಮತದ ಮೂಲಕ. ಈ ಸಲ ಶೇ. 60ಕ್ಕಿಂತ ಜಾಸ್ತಿ ಮತ ತೆಗೆಯುವ ಪರ ಬಂತು.

ಶಾಸನಸಭೆ ಹೌದು ಅಂದಿತು, ರಾಜ್ಯಪಾಲರು ಬೇಡ ಅಂದರು, ಕೋರ್ಟು ಹೌದು ಅಂದಿತು, ಜನ ಬೇಡ ಅಂದರು, ಮತ್ತೆ ಕೋರ್ಟು ಹೌದು ಅಂದಿತು, ಕೊನೆಗೆ ಜನರೂ ಹೌದು ಅಂದರು. ಇದರಲ್ಲಿ "ಪ್ರಜಾಪ್ರಭುತ್ವದ ದನಿ" ಯಾವುದು? ನನ್ನ ಉತ್ತರ: ಎಲ್ಲವೂ. ಪ್ರಜಾಪ್ರಭುತ್ವ ಒಂದೇ ದಿನದ ಮತ ಎಣಿಕೆಯಲ್ಲಿ ಮುಗಿಯುವುದಿಲ್ಲ. ಕೋರ್ಟುಗಳನ್ನು ಕಟ್ಟಿದ್ದೂ ಪ್ರಜಾಪ್ರಭುತ್ವವೇ. ಬಹುಮತಕ್ಕೆ ಬೇಡವಾದವರು ಎಲ್ಲಿ ಹೋಗಿ ಬಾಗಿಲು ತಟ್ಟಬೇಕು ಅನ್ನುವ ಪ್ರಶ್ನೆಗೆ ಅದು ಕೊಟ್ಟುಕೊಂಡ ಉತ್ತರ ಅದು.

ಜನಮತದ ಬಗ್ಗೆ ಮಾತಾಡಿದರೆ ಎಲ್ಲರೂ ಐರ್ಲೆಂಡಿನ ಹೆಸರು ತೆಗೆಯುತ್ತಾರೆ. ಸರಿಯೇ. 2015ರ ಮೇ 22ರಂದು ಅಲ್ಲಿ ಶೇ. 62ರಷ್ಟು ಜನ ಹೌದು ಅಂದರು. ಕ್ಯಾಥೊಲಿಕ್ ಚರ್ಚಿನ ಪ್ರಭಾವ ಅಷ್ಟೊಂದಿದ್ದ ದೇಶ. ಮತ ಹಾಕೋಕೆ ಅಂತಲೇ ಹೊರದೇಶಗಳಿಂದ ವಿಮಾನ, ಹಡಗು ಹತ್ತಿ ಬಂದವರಿದ್ದರು. ಆದರೆ ಎರಡು ಸಂಗತಿ ಗಮನಿಸಿ. ಐರ್ಲೆಂಡಿನ ಸಂವಿಧಾನವನ್ನು ಜನಮತವಿಲ್ಲದೆ ತಿದ್ದಲು ಆಗುವುದೇ ಇಲ್ಲ. ಮದುವೆಯ ಪ್ರಶ್ನೆಯಲ್ಲಿ ತಿದ್ದುಪಡಿಯೇ ಸುರಕ್ಷಿತ ದಾರಿ ಅಂತ ಅಲ್ಲಿನ ಸರ್ಕಾರ ನಿರ್ಧರಿಸಿತ್ತು. ಎರಡನೆಯದು, ಮತಕ್ಕೆ ಹಾಕುವ ಮುಂಚೆ ಅವರು ತಯಾರಿ ಮಾಡಿಕೊಂಡಿದ್ದರು. ನೂರು ಜನರ ಒಂದು ಸಂವಿಧಾನ ಸಮಾವೇಶ ಕೂತಿತ್ತು. ಅದರಲ್ಲಿ 66 ಮಂದಿ ಸಾಮಾನ್ಯ ನಾಗರಿಕರು, 33 ಮಂದಿ ರಾಜಕಾರಣಿಗಳು, ಒಬ್ಬರು ಅಧ್ಯಕ್ಷರು. ಅವರು ತಜ್ಞರ ಮಾತು ಕೇಳಿದರು, ಪರ–ವಿರೋಧ ಎರಡನ್ನೂ ಕೇಳಿದರು, 2013ರಲ್ಲಿ ಶೇ. 79ರಷ್ಟು ಮಂದಿ ಪರವಾಗಿ ಮತ ಹಾಕಿದರು. ಮಾತುಕತೆ ಮೊದಲು, ಮತ ಆಮೇಲೆ.

ಆಸ್ಟ್ರೇಲಿಯಾದಲ್ಲಿ ಹೀಗಾಗಲಿಲ್ಲ. 2004ರಲ್ಲಿ ಅಲ್ಲಿನ ಸರ್ಕಾರ ಮದುವೆ ಕಾಯ್ದೆಗೆ "ಗಂಡು ಮತ್ತು ಹೆಣ್ಣು" ಅನ್ನುವ ಮಾತನ್ನು ಸಂಸತ್ತಿನಲ್ಲಿ ಸೇರಿಸಿತು. ಆಗ ಯಾರೂ ಜನರನ್ನು ಕೇಳಲಿಲ್ಲ. ಅದನ್ನು ತೆಗೆಯುವ ಕಾಲ ಬಂದಾಗ ಮಾತ್ರ ಜನರನ್ನು ಕೇಳಬೇಕು ಅನ್ನಿಸಿತು! 2017ರಲ್ಲಿ ಅಂಚೆಯ ಮೂಲಕ ಮತಪತ್ರ ಕಳಿಸಿದರು. ಹೌದು ಅಂದವರು ಶೇ. 61.6. ಆ ಫಲಿತಾಂಶ ಸಂಸತ್ತನ್ನು ಕಟ್ಟಿಹಾಕುತ್ತಿರಲಿಲ್ಲ. ಕೊನೆಗೆ ಡಿಸೆಂಬರಿನಲ್ಲಿ ಸಂಸತ್ತೇ ಕಾನೂನು ಮಾಡಬೇಕಾಯಿತು. ಮೊದಲ ದಿನವೇ ಮಾಡಬಹುದಾಗಿದ್ದ ಕೆಲಸ ಅದು.

ಸ್ಲೊವೇನಿಯಾದಲ್ಲಿ 2015ರಲ್ಲಿ ಸಂಸತ್ತು ಕಾನೂನು ಮಾಡಿತು, ವಿರೋಧಿಗಳು ಜನಮತಕ್ಕೆ ಎಳೆದರು, ಜನ ಶೇ. 63ರಷ್ಟು ಮತದಿಂದ ಬೇಡ ಅಂದರು. 2022ರಲ್ಲಿ ಅಲ್ಲಿನ ಸಂವಿಧಾನ ನ್ಯಾಯಾಲಯ, ಮದುವೆಯನ್ನು ಗಂಡು–ಹೆಣ್ಣಿಗೆ ಮಾತ್ರ ಇಡುವುದು ತಾರತಮ್ಯ ಅಂದಿತು.

ಜನಮತದ ಬಗ್ಗೆ ನನ್ನ ಅಭಿಪ್ರಾಯ ನೇರವಾಗಿ ಹೇಳಿಬಿಡುತ್ತೇನೆ. ಗೆದ್ದರೂ ಸೋತರೂ ಅದು ಸರಿಯಾದ ದಾರಿಯಲ್ಲ. ಊರಿನವರೆಲ್ಲ ಸೇರಿ ನಿಮ್ಮ ಮದುವೆ ಆಗಬಹುದೋ ಇಲ್ಲವೋ ಅಂತ ಚೀಟಿ ಹಾಕುತ್ತಾರೆ ಅಂದುಕೊಳ್ಳಿ. ಪ್ರಚಾರದ ಆ ಎರಡು ಮೂರು ತಿಂಗಳು ನಿಮ್ಮ ಕುಟುಂಬ ಸಮಾಜಕ್ಕೆ ಹಾನಿಯೋ ಅಲ್ಲವೋ ಅಂತ ಟಿವಿಯಲ್ಲಿ, ಬಸ್ಸಿನಲ್ಲಿ, ಆಫೀಸಿನಲ್ಲಿ ಚರ್ಚೆ. ನಿಮ್ಮ ಮಕ್ಕಳು ಅದನ್ನು ಕೇಳಿಸಿಕೊಂಡು ಶಾಲೆಗೆ ಹೋಗಬೇಕು. ನಿಮ್ಮ ಪರ ಬಹುಮತ ಬಂದರೂ, ಹತ್ತರಲ್ಲಿ ನಾಲ್ಕು ಜನ ಬೇಡ ಅಂದರು ಅನ್ನುವ ಲೆಕ್ಕ ನಿಮ್ಮ ಜೊತೆ ಉಳಿಯುತ್ತದೆ. ಗಂಡು–ಹೆಣ್ಣಿನ ಯಾವ ಜೋಡಿಗೂ ಇಂಥ ಪರೀಕ್ಷೆ ಇಲ್ಲ.

ಬಹುಮತ ತಿರುಗುವವರೆಗೆ ಕಾಯಬೇಕು ಅನ್ನುವವರಿಗೆ ನಾನು ಇನ್ನೊಂದು ಮದುವೆಯ ಕಥೆ ಹೇಳುತ್ತೇನೆ. 1967ರವರೆಗೆ ಅಮೆರಿಕದ 16 ರಾಜ್ಯಗಳಲ್ಲಿ ಬಿಳಿಯರು ಕಪ್ಪು ವರ್ಣದವರನ್ನು ಮದುವೆಯಾಗುವುದು ನಿಷಿದ್ಧವಾಗಿತ್ತು. ವರ್ಜೀನಿಯಾದ ರಿಚರ್ಡ್ ಮತ್ತು ಮಿಲ್ಡ್ರೆಡ್ ಲವಿಂಗ್ ಎಂಬ ಗಂಡ ಹೆಂಡಿರ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಆ ಕಾನೂನುಗಳನ್ನು ಕಿತ್ತುಹಾಕಿತು, ಒಮ್ಮತದಿಂದ. ಮಾರನೆಯ ವರ್ಷ ಗ್ಯಾಲಪ್ ಸಂಸ್ಥೆ ಸಮೀಕ್ಷೆ ಮಾಡಿದಾಗ ಅಂಥ ಮದುವೆಯನ್ನು ಒಪ್ಪಿದವರು ಶೇ. 20 ಮಾತ್ರ. ಒಪ್ಪುವವರ ಸಂಖ್ಯೆ ಅರ್ಧ ದಾಟಿದ್ದು 1990ರ ದಶಕದಲ್ಲಿ. ಜನ ಒಪ್ಪುವವರೆಗೆ ಕಾಯಬೇಕಿತ್ತು ಅಂದಿದ್ದರೆ ರಿಚರ್ಡ್ ಮತ್ತು ಮಿಲ್ಡ್ರೆಡ್ ಸುಮಾರು ಮೂವತ್ತು ವರ್ಷ ಕಾಯಬೇಕಿತ್ತು. ರಿಚರ್ಡ್ 1975ರಲ್ಲೇ ಅಪಘಾತದಲ್ಲಿ ತೀರಿಕೊಂಡರು.

ಹಾಗಾದರೆ ಎಲ್ಲವನ್ನೂ ಕೋರ್ಟೇ ಮಾಡಲಿ ಅನ್ನುತ್ತೀರಾ ಅಂತ ಕೇಳಬಹುದು. ಇಲ್ಲ. ಇಲ್ಲಿ ದೊಡ್ಡಪ್ಪನ ಮಾತಿನಲ್ಲಿ ನಿಜ ಇದೆ. ಕೋರ್ಟಿಗೆ ಹಕ್ಕು ಇದೆ ಅಂತ ಹೇಳಲು ಬರುತ್ತದೆ. ಆ ಹಕ್ಕು ದಿನದಿನದ ಬದುಕಿನಲ್ಲಿ ನಡೆಯಬೇಕಾದರೆ ನೂರಾರು ಕಾನೂನುಗಳನ್ನು ತಿದ್ದಬೇಕು. ವಾರಸುದಾರಿಕೆ, ಪಿಂಚಣಿ, ದತ್ತು, ಜೀವನಾಂಶ, ವಿಚ್ಛೇದನ, ವೀಸಾ, ಆಸ್ಪತ್ರೆಯಲ್ಲಿ ಸಹಿ ಹಾಕುವ ಅಧಿಕಾರ. ಇದು ಶಾಸನಸಭೆಯ ಕೆಲಸ. ಜೊತೆಗೆ ಶಾಸನಸಭೆಯ ಬೆಂಬಲ ಇಲ್ಲದ ಹಕ್ಕು ಗಟ್ಟಿಯಾಗಿ ನಿಲ್ಲುವುದಿಲ್ಲ. ಬ್ರಿಟನ್ನಿನ ಅಧೀನದಲ್ಲಿರುವ ಬರ್ಮುಡಾ ದ್ವೀಪದಲ್ಲಿ 2017ರಲ್ಲಿ ಕೋರ್ಟು ಸಲಿಂಗ ಮದುವೆಯ ಹಕ್ಕು ಕೊಟ್ಟಿತು. ಅದೇ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಅದನ್ನು ಕಿತ್ತುಕೊಂಡು, ಬದಲಿಗೆ "ಗೃಹ ಸಹಭಾಗಿತ್ವ" ಅನ್ನುವ ಬೇರೆ ಹೆಸರಿನ ವ್ಯವಸ್ಥೆ ಕೊಟ್ಟಿತು. ಕೊನೆಯ ಅಪೀಲು ಕೇಳಿದ ಲಂಡನ್ನಿನ ಪ್ರಿವಿ ಕೌನ್ಸಿಲ್ 2022ರಲ್ಲಿ ಅದನ್ನು ಒಪ್ಪಿತು. ಅಮೆರಿಕದವರಿಗೂ ಇದೇ ಹೆದರಿಕೆ. 2022ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಗರ್ಭಪಾತದ ಹಕ್ಕಿನ ಸುಮಾರು ಐವತ್ತು ವರ್ಷದ ಹಳೆಯ ತೀರ್ಪನ್ನು ಹಿಂದಕ್ಕೆ ತೆಗೆದುಕೊಂಡಾಗ, ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಒಬರ್ಗೆಫೆಲ್ ತೀರ್ಪನ್ನೂ ಮತ್ತೆ ನೋಡಬೇಕು ಅಂತ ಬರೆದರು. ಅದೇ ಡಿಸೆಂಬರಿನಲ್ಲಿ ಅಲ್ಲಿನ ಸಂಸತ್ತು ಒಂದು ಕಾಯ್ದೆ ಮಾಡಿತು. ಒಂದು ರಾಜ್ಯದಲ್ಲಿ ಆದ ಮದುವೆಯನ್ನು ಇನ್ನೊಂದು ರಾಜ್ಯವೂ ಕೇಂದ್ರ ಸರ್ಕಾರವೂ ಒಪ್ಪಲೇಬೇಕು ಅಂದಿತು. ಸೆನೆಟ್‌ನಲ್ಲಿ 12 ರಿಪಬ್ಲಿಕನ್ ಸದಸ್ಯರೂ ಅದಕ್ಕೆ ಮತ ಹಾಕಿದರು. ಕೋರ್ಟು ಕಟ್ಟಿದ ಗೋಡೆಗೆ ಸಂಸತ್ತು ಆಸರೆ ಕೊಟ್ಟಿತು.

ನನ್ನ ಮಟ್ಟಿಗೆ ಸರಿಯಾದ ಕೆಲಸ ಹಂಚಿಕೆ ಕಾಣುವುದು ದಕ್ಷಿಣ ಆಫ್ರಿಕಾದಲ್ಲಿ ಮತ್ತು ತೈವಾನಿನಲ್ಲಿ. ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ 2005ರ ಡಿಸೆಂಬರ್ 1ರಂದು ತೀರ್ಪು ಕೊಟ್ಟಿತು. ಮುಖ್ಯ ತೀರ್ಪು ಬರೆದವರು ಆಲ್ಬಿ ಸ್ಯಾಕ್ಸ್. ವರ್ಣಭೇದ ನೀತಿಯ ವಿರುದ್ಧ ಹೋರಾಡಿ, ಬಾಂಬ್ ದಾಳಿಯಲ್ಲಿ ಒಂದು ತೋಳು, ಒಂದು ಕಣ್ಣಿನ ದೃಷ್ಟಿ ಕಳೆದುಕೊಂಡವರು. ಹಕ್ಕು ಇದೆ, ಈಗಿನ ಕಾನೂನು ತಪ್ಪು ಅಂತ ನ್ಯಾಯಾಲಯ ಸ್ಪಷ್ಟವಾಗಿ ಹೇಳಿತು. ಆದರೆ ಹೊಸ ಕಾನೂನನ್ನು ತಾನು ಬರೆಯಲಿಲ್ಲ. ಸಂಸತ್ತಿಗೆ 12 ತಿಂಗಳ ಗಡುವು ಕೊಟ್ಟಿತು. ಗಡುವಿನೊಳಗೆ ನೀವು ಮಾಡದಿದ್ದರೆ ಹಳೆಯ ಕಾಯ್ದೆಯ "ಗಂಡ", "ಹೆಂಡತಿ" ಅನ್ನುವ ಮಾತಿನ ಜೊತೆಗೆ "ಸಂಗಾತಿ" ಅನ್ನುವ ಮಾತು ತಾನಾಗಿಯೇ ಸೇರಿಕೊಳ್ಳುತ್ತದೆ ಅಂದಿತು. ಸಂಸತ್ತು 2006ರ ನವೆಂಬರ್ 30ಕ್ಕೆ, ಗಡುವಿಗೆ ಒಂದು ದಿನ ಮುಂಚೆ, ಕಾನೂನು ಜಾರಿ ಮಾಡಿತು.

ತೈವಾನ್ ನ್ಯಾಯಾಲಯ 2017ರ ಮೇ 24ರಂದು ಎರಡು ವರ್ಷದ ಗಡುವು ಕೊಟ್ಟಿತು. ಆ ಕೇಸಿನ ಅರ್ಜಿದಾರ ಚಿ ಚಿಯಾ-ವೆಯ್ ಮದುವೆಯ ಹಕ್ಕು ಕೇಳಲು ಶುರುಮಾಡಿದ್ದು 1986ರಲ್ಲಿ. ಮೂವತ್ತು ವರ್ಷ! ಗಡುವಿನ ನಡುವೆ, 2018ರ ನವೆಂಬರಿನಲ್ಲಿ, ಜನಮತ ನಡೆದು ದೊಡ್ಡ ಬಹುಮತ ಸಲಿಂಗ ಮದುವೆಯ ವಿರುದ್ಧ ಬಂತು. ನಾಗರಿಕ ಸಂಹಿತೆಯ ಮದುವೆ ಗಂಡು–ಹೆಣ್ಣಿಗೇ ಇರಲಿ ಅಂದರು ಜನ. ಈಗ ಸರ್ಕಾರ ಏನು ಮಾಡಬೇಕು? ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಜನ. ಅವರು ನಾಗರಿಕ ಸಂಹಿತೆಯನ್ನು ಮುಟ್ಟಲಿಲ್ಲ. ಬೇರೆಯೇ ಕಾಯ್ದೆ ತಂದರು. ಅದರ ಹೆಸರಿನಲ್ಲಿ "ಮದುವೆ" ಅನ್ನುವ ಪದವೇ ಇಲ್ಲ. "748ನೇ ವ್ಯಾಖ್ಯಾನವನ್ನು ಜಾರಿಗೊಳಿಸುವ ಕಾಯ್ದೆ" ಅಂತ, ಕೋರ್ಟಿನ ತೀರ್ಪಿನ ನಂಬರನ್ನೇ ಹೆಸರಾಗಿ ಇಟ್ಟರು. ಆದರೆ ಕಾಯ್ದೆಯ ಒಳಗೆ ಮದುವೆ ನೋಂದಣಿ ಮಾಡಬಹುದು ಅಂತ ಇದೆ. 2019ರ ಮೇ 24ಕ್ಕೆ ಜಾರಿಗೆ ಬಂತು. ದತ್ತು ಹಕ್ಕು ಪೂರ್ತಿ ಸಿಗಲು 2023 ಆಯಿತು. ನೋಡಲು ಅಂದವಿಲ್ಲದ ರಾಜಿ. ಆದರೆ ಮದುವೆಯ ಬಾಗಿಲು ತೆರೆಯಿತು. ರಾಜಕಾರಣ ಅಂದರೆ ಇದೇ ಅಲ್ವಾ?

ಇದರ ಪಕ್ಕಕ್ಕೆ ಭಾರತದ 2023ರ ಅಕ್ಟೋಬರ್ 17ರ ತೀರ್ಪನ್ನು ಇಡಿ. ಸುಪ್ರಿಯೊ ಪ್ರಕರಣ ಅನ್ನುತ್ತಾರೆ. ಐವರ ಸಂವಿಧಾನ ಪೀಠ. ಮದುವೆಯಾಗುವ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲ ಅಂತ ಐವರೂ ಹೇಳಿದರು. 1954ರ ವಿಶೇಷ ವಿವಾಹ ಕಾಯ್ದೆಯನ್ನು ತಾವು ತಿದ್ದಲಾಗದು ಅಂತಲೂ ಐವರೂ ಒಪ್ಪಿದರು. ಆ ಕಾಯ್ದೆಯಲ್ಲಿ ಗಂಡಿಗೆ 21, ಹೆಣ್ಣಿಗೆ 18 ಅಂತ ವಯಸ್ಸು ಬೇರೆ ಬೇರೆ ಇದೆ, ಗಂಡ–ಹೆಂಡತಿ ಅನ್ನುವ ಪದಗಳಿವೆ, ಅದರ ಎಳೆಗಳು ಉತ್ತರಾಧಿಕಾರದಂಥ ಬೇರೆ ಕಾನೂನುಗಳಿಗೂ ಹೋಗುತ್ತವೆ. ಒಂದು ಪದ ಬದಲಿಸಿದರೆ ಹತ್ತು ಕಡೆ ಅಲುಗುತ್ತದೆ ಅನ್ನುವುದು ಅವರ ಅಂಜಿಕೆ. ಈ ಅಂಜಿಕೆಯನ್ನು ನಾನು ಅರ್ಥಮಾಡಿಕೊಳ್ಳಬಲ್ಲೆ. ಮದುವೆಯಲ್ಲದ ಬೇರೆ ಬಗೆಯ ಮಾನ್ಯತೆ ಮತ್ತು ದತ್ತು ಹಕ್ಕಿನ ವಿಷಯದಲ್ಲಿ ಪೀಠ ಒಡೆಯಿತು. ಮುಖ್ಯ ನ್ಯಾಯಮೂರ್ತಿ ಚಂದ್ರಚೂಡ್ ಮತ್ತು ನ್ಯಾಯಮೂರ್ತಿ ಕೌಲ್ ಕೊಡಬೇಕು ಅಂದರು, ಉಳಿದ ಮೂವರು ಒಪ್ಪಲಿಲ್ಲ. ಸರ್ಕಾರ ಒಂದು ಸಮಿತಿ ಮಾಡುತ್ತೇನೆ ಅಂದ ಮಾತನ್ನು ಕೋರ್ಟು ದಾಖಲಿಸಿಕೊಂಡಿತು. 2025ರ ಜನವರಿಯಲ್ಲಿ ಮರುಪರಿಶೀಲನಾ ಅರ್ಜಿಗಳೂ ವಜಾ ಆದವು.

ನನ್ನ ತಕರಾರು ಇರುವುದು ಗಡುವಿನ ಬಗ್ಗೆ. ಸಂಸತ್ತೇ ಮಾಡಲಿ ಅನ್ನುವುದಾದರೆ ದಕ್ಷಿಣ ಆಫ್ರಿಕಾ ಮಾಡಿದಂತೆ ಹಕ್ಕನ್ನು ಹೇಳಿ ದಿನಾಂಕ ಕೊಡಬಹುದಿತ್ತು. ಹಕ್ಕೇ ಇಲ್ಲ ಅಂದಮೇಲೆ ದಿನಾಂಕದ ಮಾತೇ ಬರುವುದಿಲ್ಲ. ಸಮಿತಿ 2024ರಲ್ಲಿ ಆಯಿತು. ಆ ವರ್ಷವೇ ಸಲಿಂಗಿ ಸಂಗಾತಿಗಳನ್ನು ಪಡಿತರ ಚೀಟಿಯಲ್ಲಿ ಒಂದೇ ಮನೆಯವರೆಂದು ಪರಿಗಣಿಸಬಹುದು, ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಸಂಗಾತಿಯನ್ನು ನಾಮಿನಿ ಮಾಡಲು ತಡೆಯಿಲ್ಲ ಅನ್ನುವ ಸೂಚನೆಗಳು ಬಂದವು. ಅವು ಸಣ್ಣವಲ್ಲ, ದಿನವೂ ಬೇಕಾಗುವಂಥವು. ಆದರೆ ಸೂಚನೆ ಬೇರೆ, ಹಕ್ಕು ಬೇರೆ. ಆಮೇಲೆ 2025ರಲ್ಲಿ ಮದ್ರಾಸ್ ಹೈಕೋರ್ಟ್ ಒಂದು ಪ್ರಕರಣದಲ್ಲಿ, ಕುಟುಂಬ ಕಟ್ಟಿಕೊಳ್ಳಲು ಮದುವೆಯೊಂದೇ ದಾರಿಯಲ್ಲ, ತಾವೇ ಆರಿಸಿಕೊಂಡ ಕುಟುಂಬವೂ ಕುಟುಂಬವೇ ಅಂತ ಹೇಳಿತು. ಮನೆಯವರ ಬಲವಂತದಿಂದ ಒಬ್ಬ ಯುವತಿಯನ್ನು ಬಿಡಿಸಲು ಆಕೆಯ ಸಂಗಾತಿ ಹಾಕಿದ ಅರ್ಜಿ ಅದು.

ಧರ್ಮದ ಪ್ರಶ್ನೆ ಬಂದೇ ಬರುತ್ತದೆ, ಅದಕ್ಕೂ ಎರಡು ಮಾತು. ನಮ್ಮ ಧರ್ಮ ಒಪ್ಪದ ಮದುವೆಯನ್ನು ನಮ್ಮ ಪುರೋಹಿತರೋ ಪಾದ್ರಿಯೋ ಮಾಡಿಸಬೇಕಾಗುತ್ತದೆ ಅನ್ನುವ ಹೆದರಿಕೆಗೆ ಆಧಾರ ಕಡಿಮೆ. ಇಂಗ್ಲೆಂಡ್ ಮತ್ತು ವೇಲ್ಸಿನ 2013ರ ಕಾಯ್ದೆ ಯಾವ ಧರ್ಮಸಂಸ್ಥೆಯನ್ನೂ ಬಲವಂತ ಮಾಡುವುದಿಲ್ಲ ಅಂತ ನಾಲ್ಕು ಪದರದ ರಕ್ಷಣೆ ಬರೆದಿಟ್ಟಿದೆ. ಆ ಕಾಯ್ದೆ ತಂದದ್ದು ಕನ್ಸರ್ವೇಟಿವ್ ಪ್ರಧಾನಿ ಡೇವಿಡ್ ಕ್ಯಾಮರೂನ್. ಅವರ ಸ್ವಂತ ಪಕ್ಷದ ಸಂಸದರಲ್ಲಿ ಪರ ಹಾಕಿದವರಿಗಿಂತ ವಿರುದ್ಧ ಹಾಕಿದವರೇ ಜಾಸ್ತಿ. ವಿರೋಧ ಪಕ್ಷದ ಮತಗಳ ನೆರವಿನಿಂದ ಅದು ಕೆಳಮನೆಯ ಮೊದಲ ದೊಡ್ಡ ಮತದಾನವನ್ನು 400–175ರಲ್ಲಿ ದಾಟಿತು. ಜರ್ಮನಿಯಲ್ಲಿ 2017ರಲ್ಲಿ ಚಾನ್ಸಲರ್ ಮರ್ಕೆಲ್ ತಾವು ವಿರುದ್ಧ ಮತ ಹಾಕಿದರು, ಆದರೆ ಮತಕ್ಕೆ ಬರದಂತೆ ತಡೆಯಲಿಲ್ಲ. ಅವರ ಒಪ್ಪಿಗೆ ಇಲ್ಲದೆಯೇ 393 ಮತಗಳಿಂದ ಕಾನೂನಾಯಿತು. ತನಗೆ ಒಪ್ಪಿಗೆ ಇಲ್ಲದ್ದನ್ನೂ ಸದನದ ಮುಂದೆ ಬರಲು ಬಿಡುವ ನಾಯಕರಿದ್ದರೆ ಮಾತ್ರ "ಸಂಸತ್ತು ತೀರ್ಮಾನಿಸಲಿ" ಅನ್ನುವ ಮಾತಿಗೆ ಜೀವ ಬರುತ್ತದೆ.

ಥಾಯ್ಲೆಂಡಿನಲ್ಲೂ ಸಂಸತ್ತೇ ತೀರ್ಮಾನಿಸಿತು. 2024ರ ಜೂನ್‌ನಲ್ಲಿ ಅಲ್ಲಿನ ಸೆನೆಟ್ 130–4 ಮತಗಳಿಂದ ಮಸೂದೆ ಒಪ್ಪಿತು. ಕಾನೂನಿನಲ್ಲಿ "ಗಂಡು", "ಹೆಣ್ಣು" ಇದ್ದ ಕಡೆ "ವ್ಯಕ್ತಿ" ಅಂತ ಆಯಿತು. 2025ರ ಜನವರಿ 23ರಂದು ಜಾರಿಗೆ ಬಂತು. ಪದ ಬದಲಿಸುವ ಕೆಲಸ ಕಷ್ಟವೇ. ಆಗದ ಕೆಲಸವೇನೂ ಅಲ್ಲ.

ಹಾಗಾಗಿ ದೊಡ್ಡಪ್ಪನ ಜೊತೆ ವಾದ ಗೆಲ್ಲಲು ಹೋಗಬೇಡಿ. ಅವರ ಮಾತನ್ನೇ ಹಿಡಿದುಕೊಳ್ಳಿ. ಅವರಿಗೆ ಯಾರ ಮೇಲೂ ತಕರಾರಿಲ್ಲ, ಸಂಸತ್ತು ತೀರ್ಮಾನಿಸಬೇಕು ಅನ್ನುವುದು ಅವರ ನಿಲುವು. ಪ್ರಾಮಾಣಿಕವಾದ ನಿಲುವು ಅಂತಲೇ ನಂಬಿ. ಮುಂದಿನ ಸಲ ಈ ಮಾತು ಬಂದಾಗ ಕೇಳಿ: "ಸರಿ ದೊಡ್ಡಪ್ಪ, ಸಂಸತ್ತೇ ತೀರ್ಮಾನಿಸಲಿ. ಹಾಗಾದರೆ ಮಸೂದೆ ತನ್ನಿ ಅಂತ ನಮ್ಮ ಸಂಸದರಿಗೆ ಒಂದು ಪತ್ರ ಬರೆಯೋಣ. ನಾನು ಬರೆಯುತ್ತೇನೆ, ನೀವೂ ಸಹಿ ಹಾಕ್ತೀರಾ?"